ಔಡಲದ ಗಡಿಗೆ

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ದನದ ದವಾಖಾನೆಯ ಹಿಂದಿನ ಕೋಣೆಯಲ್ಲಿ ನಾನು ಪರೀಕ್ಷೆಯ ಸಹಾಯಕ. ಉರ್ದು ಶಾಲೆಯಲ್ಲಿ ಕಲಿತವನು, ಕನ್ನಡದಲ್ಲಿ ವರದಿ ಬರೆಯಲು ತಿಣುಕುತ್ತಿದ್ದೆ. ಮೈಸೂರಿನ ಕಡೆಯಿಂದ ಬಂದ ಡಾಕ್ಟರರು ಅದನ್ನು ಎಲ್ಲರೆದುರು ಓದಿ ನಗುತ್ತಿದ್ದರು. ಈ ಮನುಷ್ಯನ ಮುಂದೆ ಒಮ್ಮೆಯಾದರೂ ಗೆಲ್ಲಬೇಕೆಂದು ಹಲ್ಲು ಕಚ್ಚಿಕೊಂಡಿದ್ದೆ.

ಕರುಗಳ ಭೇದಿಗೆ ವೈರಸ್ ಕಾರಣವೇ ಎಂದು ತಿಳಿಯಲು ಅವರು ಹೊಸ ಪರೀಕ್ಷೆ ಶುರುಮಾಡಿದ್ದರು. ಸೋಸಿದ ಸಗಣಿ ನೀರನ್ನು ಕೋಳಿಯ ರಕ್ತಕಣಗಳ ಜೊತೆ ಗುಳಿಗಳಿರುವ ತಟ್ಟೆಯಲ್ಲಿ ಬೆರೆಸುವುದು. ಕಣಗಳು ತಳದಲ್ಲಿ ಕುಂಕುಮದ ಬೊಟ್ಟಿನಂತೆ ಕೂತರೆ ಏನೂ ಇಲ್ಲ; ಒಂದಕ್ಕೊಂದು ಅಂಟಿ ಗುಳಿಯ ತುಂಬ ಹರಡಿದರೆ ರೋಗ. ಸಗಣಿಯನ್ನು ನಾವು ಕೊಟ್ಟ ಗಾಜಿನ ಸೀಸೆಯಲ್ಲೇ ತರಿಸಬೇಕೆಂದು ಕಟ್ಟಪ್ಪಣೆಯಿತ್ತು.

ಎಕಂಬಾದ ಮುದುಕಿಯೊಬ್ಬಳು ಭೇದಿ ಹತ್ತಿದ ಕರುವಿನ ಸಗಣಿಯನ್ನು ಮಣ್ಣಿನ ಪುಟ್ಟ ಗಡಿಗೆಯಲ್ಲಿ ತಂದಳು. ಆಕೆಗಿದ್ದದ್ದು ಎರಡು ಆಕಳು, ಎರಡು ಕರು. ಔರಾದಿನ ಆಚೆಯ ಆ ಊರಿಗೆ ಮತ್ತೆ ಹೋಗಿ ಸೀಸೆಯಲ್ಲಿ ತಾ ಎನ್ನಲು ನನಗೇ ಬೇಸರ, ಅದನ್ನೇ ಪರೀಕ್ಷಿಸಿದೆ. ಗುಳಿಗಳಲ್ಲೆಲ್ಲ ಕಣಗಳು ಕೆಂಪಗೆ ಹರಡಿದವು! ಡಾಕ್ಟರರು ಮೊದಲ ಸಲ ನನ್ನ ಬೆನ್ನು ತಟ್ಟಿದರು.

“ಕರಾ ಊರ ಹೊರಗ ಕಟ್ರಿ. ತಾಯಿ ಹಾಲು ಕುಡಸಬ್ಯಾಡ್ರಿ,” ಎಂದೆ ಮುದುಕಿಗೆ.

“ಹಾಲಿಲ್ದ ಹ್ಯಾಂಗ ಬದುಕ್ತದ್ರಿ ಸಾಹೇಬ್ರ?”

“ಉಳಿದ ದನಾನೂ ಸಾಯ್ಬೇಕೇನು?” ಎಂದು ಗದರಿದೆ.

ಹದಿನೈದು ದಿನ ಬಿಟ್ಟು ಬಂದಳು.

“ಮೂರು ದಿನಾ ಒದರಿ ಒದರಿ ಸತ್ತಿತ್ರಿ. ನೀವು ಹೇಳಿದ್ದಕ್ಕ ಉಳಿದವು ಉಳದಾವ,” ಎಂದು ಕಣ್ಣೊರೆಸಿಕೊಂಡು ಮೈಸೂರಿನ ಕಡೆ ಹರಳೆಣ್ಣೆ ಎನ್ನುವ ಔಡಲೆಣ್ಣೆಯ ಒಂದು ಸೀಸೆ ಮೇಜಿನ ಮೇಲಿಟ್ಟಳು. “ಮನ್ಯಾಗ ತೆಗದದ್ದರಿ. ಅವತ್ತ ಸಗಣಿ ತಂದಿದ್ನಲ್ರಿ, ಆ ಗಡಿಗಿ ಕುಟ್ಟಿದ ಔಡಲ ಇಡೂದೇ ಇತ್ತರಿ. ಒರೆಸಿ ತಂದಿದ್ದೆ.”

ಔಡಲ ಬೀಜದ ರಸ ತಾನೇ ರಕ್ತಕಣಗಳನ್ನು ಅಂಟಿಸುತ್ತದೆಂದು ಡಾಕ್ಟರರು ಮೊದಲೇ ಹೇಳಿಕೊಟ್ಟಿದ್ದರು. ಆ ಕರುವಿಗೆ ವೈರಸ್ ಇತ್ತೋ ಇಲ್ಲವೋ, ಹಾಲು ಬಿಡಿಸಿ ಕೊಂದವನು ನಾನು.

“ಇನ್ನೊಂದು ಕರಾನೂ ನಿನ್ನೆಯಿಂದ ಸಗಣಿ ತೆಳ್ಳಗ ಹಾಕ್ಲತ್ತದ್ರಿ. ಅದಕ್ಕೂ ಹಂಗೇ ಕಟ್ಲೇನ್ರಿ?”

ಆಗಷ್ಟೇ ಡಾಕ್ಟರರು ಬಾಗಿಲಿಗೆ ಬಂದು ನಿಂತಿದ್ದರು. ನಿಜ ಹೇಳಿದರೆ ಮತ್ತೆ ಆ ನಗು.

“ಕಟ್ರಿ,” ಎಂದೆ.

ಆಕೆ ಕೈಮುಗಿದು, ಬಸ್ಸು ತಪ್ಪೀತೆಂದು ಬಿರಬಿರನೆ ನಡೆದಳು.