ಕೈಕೊಟ್ಟ ಕೈಗಳು

ಹರಿಹರದ ಪೇಂಟರ್ ಕುತುಬುದ್ದೀನನ ಎರಡೂ ಕಾಲುಗಳನ್ನು ಪೋಲಿಯೊ ಎಳವೆಯಲ್ಲೇ ತಿಂದುಹಾಕಿತ್ತು. ಕೈ ಮಾತ್ರ ಅಂಥಿಂಥ ಕೈಯಲ್ಲ. ತೋಳು ಗರಡಿಯವನ ತೋಳು, ಬೆರಳು ಅಕ್ಷರ ಬರೆಯುವುದಕ್ಕೇ ಹುಟ್ಟಿದ ಬೆರಳು. ಅಂಗಡಿ ಬೋರ್ಡಿರಲಿ, ಲಾರಿಯ ಬೆನ್ನಿರಲಿ, ಅವನು ನೆಲದ ಮೇಲೆ ಕೂತು ಬ್ರಷ್ ಎಳೆದನೆಂದರೆ ದಾರಿಹೋಕರು ನಿಂತು ನೋಡುತ್ತಿದ್ದರು. ಇಷ್ಟು ವರ್ಷ ಅವನನ್ನು ಸಾಕಿದ ಆ ಕೈಗಳೇ ಕೊನೆಗೆ ಅವನಿಗೆ ಕೈಕೊಟ್ಟವು.

ಫ್ಲೆಕ್ಸ್ ಬಂದ ಮೇಲೆ ಪೇಟೆಯ ಕೆಲಸ ನಿಂತುಹೋಯಿತು. ಉಳಿದದ್ದು ಭಾನುವಳ್ಳಿ ಕಡೆಯ ಟ್ರ್ಯಾಕ್ಟರ್ ಟ್ರೇಲರ್‌ಗಳು. ಮನೆದೇವರ ಹೆಸರು, ಮಕ್ಕಳ ಹೆಸರು ಅಲ್ಲಿಯವರಿಗೆ ಇನ್ನೂ ಬ್ರಷ್ಷಿನಲ್ಲೇ ಆಗಬೇಕು. ಆದರೆ ಬಣ್ಣದ ಡಬ್ಬಿ ಹೊತ್ತು ಬಸ್ ಹತ್ತುವುದು ಕುತುಬುದ್ದೀನನಿಂದ ಆಗದ ಮಾತು. ಆಟೋ ಮಾಡಿದರೆ ಕೂಲಿಯೆಲ್ಲ ಅದಕ್ಕೇ ಸರಿ. ಸರ್ಕಾರ ಕೊಡುವ ಮೂರು ಗಾಲಿಯ ಸ್ಕೂಟರ್ ಸಿಕ್ಕರೆ ಕಸುಬು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಸ್ಕೂಟರ್ ನಿಲ್ಲಿಸಲೆಂದು ಹೆಂಡತಿ ಶಹಜಾದಿ ಬಾಗಿಲ ಪಕ್ಕದ ಬಟ್ಟೆ ಒಗೆಯುವ ಕಲ್ಲನ್ನು ಕಿತ್ತು ಜಾಗವನ್ನೂ ಮಾಡಿಟ್ಟಿದ್ದಳು.

ಅರ್ಜಿ ಕೊಟ್ಟದ್ದು ದಾವಣಗೆರೆಯ ಅಂಗವಿಕಲರ ಕಲ್ಯಾಣ ಕಚೇರಿಗೆ, ಅದಿದ್ದದ್ದು ಮೇಲಿನ ಮಹಡಿಯಲ್ಲಿ. ಅಲ್ಲಿನ ಗುಮಾಸ್ತ ಬಸವಪ್ರಭು ಒಳ್ಳೆಯವನೇ, ಅರ್ಜಿ ತೆಗೆದುಕೊಳ್ಳಲು ತಾನೇ ಮೆಟ್ಟಿಲಿಳಿದು ಬಂದ.

"ಸಾಬ್ರೇ, ನಮಗೊಂದು ಬೋರ್ಡು ಬರ್ಕೊಡ್ರಿ. 'ಲಿಫ್ಟ್ ದುರಸ್ತಿಯಲ್ಲಿದೆ' ಅಂತ. ಕಾಗದ ಅಂಟಿಸಿದ್ರೆ ಹರಿದು ಹೋಗ್ತೈತೆ. ತಗಡಿನ ಮ್ಯಾಲೆ ಬರೀರಿ, ಗಟ್ಟಿ ಬಣ್ಣದಾಗೆ."

"ಎಷ್ಟು ವರ್ಷ ಬಾಳಿಕೆ ಬರಬೇಕ್ರಿ ಸಾರ್?" ಎಂದು ಕುತುಬುದ್ದೀನ ಕೇಳಿದ.

ಬಸವಪ್ರಭು ನಕ್ಕ. ಕುತುಬುದ್ದೀನನೂ ನಕ್ಕ. ಅರ್ಜಿ ಗುಮಾಸ್ತನ ಕೈಯಲ್ಲಿರುವಾಗ ನಗದೆ ಏನು ಮಾಡುವುದು? ಎರಡು ಕೋಟ್ ಹೊಡೆದು, ಕೆಂಪು ಅಂಚು ಎಳೆದು, ಕಾಸು ಮುಟ್ಟದೆ ಬರೆದುಕೊಟ್ಟ.

ಮರುವರ್ಷ ಫೋನ್ ಬಂತು. ಸ್ಕೂಟರ್ ಕೇಳಿದವರೆಲ್ಲ ಅಧಿಕಾರಿ ಮೇಡಮ್ ಮುಂದೆ ಖುದ್ದಾಗಿ ಹಾಜರಾಗಬೇಕಂತೆ. ಕುತುಬುದ್ದೀನ ಹಬ್ಬದ ಬಿಳಿ ಜುಬ್ಬ ತೊಟ್ಟು, ಆಟೋ ಮಾಡಿಕೊಂಡು ಹೋದ. ಲಿಫ್ಟಿನ ಬಾಗಿಲಲ್ಲಿ ಅವನ ಬೋರ್ಡು ನಿನ್ನೆ ಬರೆದಂತೆ ಹೊಳೆಯುತ್ತಿತ್ತು. ಬಸವಪ್ರಭುವಿಗೆ ಫೋನ್ ಮಾಡಿದ.

"ಮೇಡಮ್ ಕೆಳಗ ಬರಂಗಿಲ್ಲ ಸಾಬ್ರೇ. ಹೆಂಗಾರ ಮಾಡಿ ಹತ್ತಿ ಬರ್ರಿ."

ಮೆಟ್ಟಿಲ ಮೂಲೆಮೂಲೆಯಲ್ಲೂ ಗುಟ್ಕಾ ಉಗುಳು. ಅಂಗೈ ಊರಿ, ಮೈ ಎತ್ತಿ, ಮತ್ತೆ ಅಂಗೈ ಊರಿ ಹತ್ತಿದ. ಇಳಿಯುವವರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಮೇಲೆ ಮುಟ್ಟುವ ಹೊತ್ತಿಗೆ ಜುಬ್ಬದ ಬಣ್ಣ ನೋಡುವಂತಿರಲಿಲ್ಲ.

ಮೇಡಮ್ ಫೈಲಿನಿಂದ ತಲೆಯೆತ್ತಿದರು. "ಯಾರಾದ್ರೂ ಎತ್ಕೊಂಡು ಬಂದ್ರಾ?"

"ಇಲ್ರಿ ಮೇಡಮ್, ನಾನೇ ಹತ್ತಿ ಬಂದೆ." ದನಿಯಲ್ಲಿ ಒಂದಿಷ್ಟು ಜಂಬವೂ ಇತ್ತು.

"ನೋಡಿ, ಎಷ್ಟು ಗಟ್ಟಿಯಾಗಿದ್ದೀರಿ. ಇರೋದೇ ಕೆಲವು ಗಾಡಿ. ಓಡಾಡೋಕೇ ಆಗದವರಿಗೆ ಮೊದಲು ಕೊಡಬೇಕಲ್ವಾ? ನಿಮಗೆ ಮುಂದಿನ ಸಲ ನೋಡೋಣ."

ಓಡಾಡಲು ಆಗದವರು ಕೆಳಗೆ ಮೆಟ್ಟಿಲ ಬುಡದಲ್ಲೇ ಕೂತಿದ್ದರು. ಅವರನ್ನು ಗೈರುಹಾಜರು ಎಂದು ಬರೆದುಕೊಂಡರು. ಹತ್ತಿದವನು ಗಟ್ಟಿಗ, ಹತ್ತದವನು ಗೈರು. ಇನ್ನು ಸ್ಕೂಟರುಗಳು ಯಾರ ಮನೆ ಸೇರಿದವೋ ದೇವರೇ ಬಲ್ಲ.

"ಲಿಫ್ಟ್ ಇದ್ದಿದ್ರೆ ನಾನ್ಯಾಕ ಹಿಂಗೆ ಹತ್ತಿ ಬರ್ತಿದ್ದೆ ಮೇಡಮ್?" ಎಂದ ಕುತುಬುದ್ದೀನ.

ಲಿಫ್ಟ್ ಎಂದೊಡನೆ ಮೇಡಮ್‌ಗೆ ನೆನಪಾಯಿತು. "ಆ ಬೋರ್ಡು ಬರೆದವರು ನೀವೇ ಅಂತೆ. ಅಕ್ಷರ ಚೆನ್ನಾಗಿದೆ. ಈ ಮಹಡಿಗೂ ಒಂದು ಬರೆದುಕೊಡಿ, ಇಳಿಯೋರಿಗೂ ಗೊತ್ತಾಗಲಿ."

ಮನೆಗೆ ಬಂದಾಗ ಶಹಜಾದಿ ಬಾಗಿಲಲ್ಲೇ ನಿಂತಿದ್ದಳು. "ಗಾಡಿ ಏನಾತ್ರಿ?"

"ಗಾಡಿ ಇಲ್ಲ. ಕೆಲಸ ಕೊಟ್ಟಾರೆ."

ಅವಳು ಬಟ್ಟೆ ಒಗೆಯುವ ಕಲ್ಲನ್ನು ಒಬ್ಬಳೇ ಉರುಳಿಸಿಕೊಂಡು ಬಂದು ಮೊದಲಿದ್ದ ಜಾಗಕ್ಕೆ ಕೂರಿಸಿ, ಅದರ ಮೇಲೆ ಆ ಜುಬ್ಬವನ್ನು ಉಜ್ಜತೊಡಗಿದಳು.

ಮರುದಿನ ಕುತುಬುದ್ದೀನ ತಗಡು ಮುಂದಿಟ್ಟುಕೊಂಡು ಕೂತ. ಸೊಟ್ಟಸೊಟ್ಟ ಬರೆಯಬೇಕು, ನಾಲ್ಕು ದಿನಕ್ಕೆ ಉದುರಿಹೋಗುವ ಬಣ್ಣ ಬಳಿದು ಅವರ ಮುಖಕ್ಕೆ ಎಸೆಯಬೇಕು ಎಂದು ಹಲ್ಲು ಕಚ್ಚಿ ಬ್ರಷ್ ಹಿಡಿದ. ಕೈ ಅವನ ಮಾತು ಕೇಳಲಿಲ್ಲ. ಅಕ್ಷರ ಮೊದಲಿನದಕ್ಕಿಂತ ಚೆಂದ ಬಂತು.