ಮೊಸರನ್ನದ ಬಾತು

ಅಕ್ಕನ ಫೋನು ಬಂದಾಗ ನಾನು ಚಾಮರಾಜನಗರದ ಪತ್ರಿಕಾ ಕಚೇರಿಯಲ್ಲಿ ಪುಟ ಮುಗಿಸುವ ಗಡಿಬಿಡಿಯಲ್ಲಿದ್ದೆ. ಅಕ್ಕ ಸುಮ್ಮಸುಮ್ಮನೆ ಫೋನು ಮಾಡುವವಳಲ್ಲ.

"ಬಾತು ಮನುಸ್ರ ತರ ನೆಟ್ಟಗೆ ನಿಂತ್ಕಂಡದೆ ಕಣ್ಲಾ. ಕೂರಕ್ಕೂ ಆಯ್ತಿಲ್ಲ. ಬೆಳಿಗ್ಗೆನೇ ಬಂದ್ಬುಡು" ಅಂದಳು.

ಭೀಮನಬೀಡಿನ ಅವಳ ಮನೆಗೆ ಆ ಬಾತುಕೋಳಿ ಬಂದದ್ದು ಮರಿಯಾಗಿದ್ದಾಗ. ಕೊಯ್ಲಾದ ಗದ್ದೆಗಳಲ್ಲಿ ಬಾತಿನ ಹಿಂಡು ಮೇಯಿಸುತ್ತಾ ತಮಿಳುನಾಡಿನ ಕಡೆಯಿಂದ ಬಂದವರು, ನಡೆಯಲಾರದ ಒಂದು ಮರಿಯನ್ನು ಬದುವಿನ ಮೇಲೆ ಬಿಟ್ಟು ಹೋಗಿದ್ದರು. ಅಕ್ಕ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದು ಸಾಕಿದಳು. ಮಕ್ಕಳಿಲ್ಲದ ಮನೆ. ಅವಳು ಹಿತ್ತಿಲಿಗೆ ಹೋದರೆ ಬಾತು ಹಿಂದೆಯೇ ಹೋಗುತ್ತಿತ್ತು, ಅವಳು ಕೂತರೆ ಪಕ್ಕದಲ್ಲಿ ಕೂರುತ್ತಿತ್ತು.

ಭಾವ ಮೊದಮೊದಲು ಬೇಡವೆನ್ನಲಿಲ್ಲ. ನಮ್ಮದು ಮೊಟ್ಟೆಯನ್ನೂ ಮುಟ್ಟದ, ಕೊರಳಲ್ಲಿ ಲಿಂಗ ಕಟ್ಟುವ ಮನೆತನ. ಒಂದು ಸಲ ಮನೆಗೆ ಐನೋರು ಬಂದು ಪಾದಪೂಜೆ ನಡೆಯುತ್ತಿದ್ದಾಗ, ಬಾತು ಬಾಯಲ್ಲಿ ಕಪ್ಪೆ ಕಚ್ಚಿಕೊಂಡು ನಡುಮನೆಗೆ ಬಂತು. ಕಪ್ಪೆಯ ಕಾಲು ಇನ್ನೂ ಆಡುತ್ತಿತ್ತಂತೆ. ಐನೋರು ನಕ್ಕುಬಿಟ್ಟರಂತೆ. ಭಾವ ನಗಲಿಲ್ಲ. ಮರುದಿನವೇ ಹಿತ್ತಿಲಲ್ಲಿ ಕಲ್ಲುಚಪ್ಪಡಿ ಹಾಸಿ, ಸುತ್ತ ಜಾಲರಿ ಹೊಡೆಸಿ, ಬಾತನ್ನು ಅದರೊಳಗೆ ಕೂಡಿದರು. ಹುಳ, ಕಪ್ಪೆ, ಬಸವನಹುಳು ಯಾವುದೂ ಸಿಕ್ಕಬಾರದು. ದಿನಕ್ಕೆರಡು ಹೊತ್ತು ಮೊಸರನ್ನ. ಬಂದ ನೆಂಟರ ಮುಂದೆ ಅದು ತಿನ್ನುವುದನ್ನು ತೋರಿಸಿ, "ನಮ್ಮನೆ ಬಾತು ಶರಣ ಕಣಪ್ಪ, ಲಿಂಗ ಒಂದು ಕಟ್ಟದು ಬಾಕಿ" ಅನ್ನುತ್ತಿದ್ದರು. ನೆಂಟರು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಹೋಗುತ್ತಿದ್ದರು.

ನಾನು ಹೋದಾಗ ಬಾತು ಗೂಡಿನ ಮೂಲೆಯಲ್ಲಿತ್ತು. ಎದೆ ಮೇಲಕ್ಕೆತ್ತಿ, ಬಾಲ ನೆಲಕ್ಕೆ ಊರಿ ನಿಂತಿತ್ತು. ಪ್ರತಿ ಉಸಿರಿಗೂ ಬಾಲ ಏರಿ ಇಳಿಯುತ್ತಿತ್ತು. ಎರಡು ಹೆಜ್ಜೆ ಇಟ್ಟು, ತಿಣುಕಿ, ನಿಂತುಬಿಡುತ್ತಿತ್ತು. ರೆಕ್ಕೆ ಜೋತುಬಿದ್ದಿದ್ದವು. ಮುಂದೆ ಇಟ್ಟ ನೀರನ್ನು ಮೂಸಿಯೂ ನೋಡಿರಲಿಲ್ಲ.

ಭಾವ ಅದನ್ನು ಅಜೀರ್ಣವೆಂದು ತೀರ್ಮಾನಿಸಿದ್ದರು. ಅನ್ನ ನಿಲ್ಲಿಸಿ, ಓಮದ ಕಷಾಯ ಕುಡಿಸಿದ್ದರು. ಒಂದು ದಿನ ಉಪವಾಸ ಕೆಡವಿದರೆ ಮನುಷ್ಯರಿಗೇ ಸರಿಹೋಗುತ್ತದೆ, ಇನ್ನು ಹಕ್ಕಿಗೆ ಹೋಗದೇ ಎಂದು ನನಗೆ ವಿವರಿಸಿದರು.

ಅಕ್ಕ ನನ್ನನ್ನು ನುಗ್ಗೆಮರದ ಹತ್ತಿರ ಕರೆದುಕೊಂಡು ಹೋಗಿ, ತಗ್ಗಿದ ದನಿಯಲ್ಲಿ ಬೇರೆ ಮಾತು ಹೇಳಿದಳು. ಬಾತು ಮೊಟ್ಟೆ ಇಡಲು ಶುರುಮಾಡಿ ಸುಮಾರು ದಿನವಾಗಿತ್ತು. ಮೊಟ್ಟೆ ಅನ್ನುವ ಮಾತೇ ಆ ಮನೆಯಲ್ಲಿ ಇಲ್ಲ. ಯಾರಿಗೂ ಕೊಡಬಾರದು, ಯಾರ ಕಣ್ಣಿಗೂ ಬೀಳಬಾರದು, ಊರು ಏಳುವ ಮುಂಚೆ ಹೂತುಬಿಡಬೇಕು ಎಂದು ಭಾವನ ಅಪ್ಪಣೆ. ಅಕ್ಕ ದಿನಾ ನುಗ್ಗೆಮರದ ಬುಡದಲ್ಲಿ ಹೂಳುತ್ತಿದ್ದಳು. ಹೂಳುವ ಕೈಗೆ ಗೊತ್ತಾಗಿತ್ತು: ಚಿಪ್ಪು ತೆಳ್ಳಗಾಗುತ್ತಿತ್ತು. ಆಮೇಲೆ ಬೆರಳಿನ ಒತ್ತಿಗೇ ಒಡೆಯತೊಡಗಿತು. ಒಂದು ಸಲವಂತೂ ಚಿಪ್ಪೇ ಇಲ್ಲದೆ, ಹಾಲಿನ ಪಾಕೀಟಿನ ಹಾಗೆ ಮೆತ್ತಗೆ ಬಂತು. ಈಗ ನಿನ್ನೆಯಿಂದ ಏನೂ ಇಲ್ಲ.

ಮುಂಚೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಯಾವ ಬಾಯಲ್ಲಿ ಯೋಳ್ಲಿ?" ಅಂದಳು.

ನನಗೆ ಸಿಟ್ಟು ಬಂದದ್ದು ಅಲ್ಲಿ. ರೋಗ ಗೊತ್ತಾಗದಿದ್ದುದಕ್ಕಲ್ಲ, ರೋಗ ವಾರಗಟ್ಟಲೆ ತನ್ನ ಗುರುತು ಹೇಳುತ್ತಲೇ ಇತ್ತು. ಅದನ್ನು ಕಂಡವಳು ಬಾಯಿ ಬಿಡುವ ಹಾಗಿರಲಿಲ್ಲ. ಬಾಯಿ ಇದ್ದವರು ನೋಡಿರಲಿಲ್ಲ.

ಬಾತನ್ನು ಟೊಮ್ಯಾಟೊ ಕ್ರೇಟಿನಲ್ಲಿ ಗೋಣಿಚೀಲ ಹಾಸಿ ಕೂರಿಸಿ, ಭಾವನ ಕಾರಿನಲ್ಲೇ ಗುಂಡ್ಲುಪೇಟೆಗೆ ಹೋದೆವು. ಪಶುವೈದ್ಯೆ ಹೊಟ್ಟೆಯ ಕೆಳಗೆ ಮೆತ್ತಗೆ ಕೈಯಾಡಿಸಿದರು. ಒಳಗೆ ಮೊಟ್ಟೆ ಸಿಕ್ಕಿಕೊಂಡಿದೆ, ಹಾಗಾಗಿಯೇ ತಿಣುಕುತ್ತಿದೆ ಅಂದರು. ಬಿಟ್ಟರೆ ಉಳಿಯುವುದಿಲ್ಲ ಅಂತಲೂ ಅಂದರು. ಏನು ತಿನ್ನಿಸುತ್ತೀರಿ ಎಂದು ಕೇಳಿದ್ದಕ್ಕೆ ಭಾವ ಎದೆಯುಬ್ಬಿಸಿ ಉತ್ತರ ಕೊಟ್ಟರು. ಆಕೆ ಬರೆಯುತ್ತಿದ್ದ ಚೀಟಿಯಿಂದ ತಲೆಯೆತ್ತಿ ಒಮ್ಮೆ ಅವರನ್ನು, ಒಮ್ಮೆ ಬಾತನ್ನು ನೋಡಿದರು.

ಕ್ಯಾಲ್ಸಿಯಂ ಸಾಲದೆ ಚಿಪ್ಪು ಕಟ್ಟುತ್ತಿಲ್ಲ, ಮೊಟ್ಟೆಯನ್ನು ಹೊರಗೆ ತಳ್ಳುವ ಶಕ್ತಿಯೂ ಮೈಯಲ್ಲಿ ಉಳಿದಿಲ್ಲ ಎಂದು ವಿವರಿಸಿ, ಇಂಜೆಕ್ಷನ್ ಕೊಟ್ಟರು. ಹೊಟ್ಟೆ ಮುಳುಗುವಷ್ಟು ಉಗುರುಬೆಚ್ಚನೆ ನೀರಿನಲ್ಲಿ ಕೂರಿಸಿ, ಮೊಟ್ಟೆ ಬರುವ ಕಡೆ ಎಣ್ಣೆ ಸವರಿ, ಕತ್ತಲಿರುವ ಕಡೆ ಬಿಡಬೇಕು. ಯಾವ ಕಾರಣಕ್ಕೂ ಹೊಟ್ಟೆ ಹಿಸುಕಬಾರದು. ಒಳಗೇ ಒಡೆದರೆ ಕತೆ ಮುಗಿಯಿತು. ಸಂಜೆಯೊಳಗೆ ಬರದಿದ್ದರೆ ವಾಪಸು ತನ್ನಿ ಅಂದರು. ಮುಂದಕ್ಕೆ ಬಾತನ್ನು ಹೊರಗೆ ಬಿಡಬೇಕು, ಹುಳ ಹುಪ್ಪಟೆ ತಿನ್ನಬೇಕು. ಮೊಟ್ಟೆಯ ಚಿಪ್ಪನ್ನೇ ಹುರಿದು ಪುಡಿಮಾಡಿ ಪಕ್ಕದಲ್ಲಿ ಇಟ್ಟರೆ ಬೇಕಾದಷ್ಟು ಅದೇ ತಿನ್ನುತ್ತದೆ.

"ಸಸ್ಯಾಹಾರದಲ್ಲಿ ಏನೂ ದಾರಿ ಇಲ್ವಾ ಮೇಡಂ?" ಎಂದು ಭಾವ ಕೇಳಿದರು.

"ಟಾನಿಕ್ ಇದೆ ಸಾರ್. ಆದ್ರೆ ನೀವು ಸಾಕಿರೋದು ಬಾತುಕೋಳೀನ."

ಮನೆಯಲ್ಲಿ ಅಕ್ಕ ದೊಡ್ಡ ಟಬ್ಬಿಗೆ ನೀರು ತುಂಬಿ, ಮೊಣಕೈ ಅದ್ದಿ ಬಿಸಿ ನೋಡಿ, ಬಾತನ್ನು ಕೂರಿಸಿದಳು. ಆರಿದಷ್ಟೂ ಬಿಸಿನೀರು ಬೆರೆಸುತ್ತಾ, ಒಂದು ಕೈಯನ್ನು ಅದರ ಎದೆಗೆ ಆನಿಸಿಕೊಂಡೇ ಇದ್ದಳು. ಆಮೇಲೆ ಬಚ್ಚಲುಮನೆಯ ಕತ್ತಲಲ್ಲಿ ಬಿಟ್ಟು, ಬಾಗಿಲಾಚೆ ಕೂತಳು. ಊಟಕ್ಕೆ ಏಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಒಳಗೆ ರೆಕ್ಕೆ ಬಡಿದ ಸದ್ದಾಯಿತು. ಗೋಣಿಯ ಮೇಲೆ ಒಂದು ಪಕ್ಕ ನೆಗ್ಗಿದ, ಸುಕ್ಕುಗಟ್ಟಿದ ಮೊಟ್ಟೆ ಬಿದ್ದಿತ್ತು. ಬಾತು ಬಾಲ ಒದರಿ ನೀರು ಕುಡಿಯಿತು.

"ಶಿವ ಉಳಿಸ್ಬುಟ್ಟ" ಅಂದರು ಭಾವ, ಜಗಲಿಯಿಂದಲೇ.

ಅಕ್ಕ ಮೊಟ್ಟೆಯನ್ನು ಕೈಗೆತ್ತಿಕೊಂಡಳು. ಶಿವನನ್ನು ನಡುವೆ ತರದೆ ನಾನು ಹೇಳಬೇಕಾದ್ದು ಬಹಳ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಭಾವ ಮುಂದುವರಿಸಿದರು. ಟಾನಿಕ್ ಹಾಕಿದರೆ ಸಾಕು, ಬಾತು ಗೂಡಿನಲ್ಲೇ ಇರಲಿ. ಸೋಮವಾರ ಮತ್ತೆ ಐನೋರು ಬರುತ್ತಾರೆ. ಆ ಮೊಟ್ಟೆಯನ್ನು ಬೇಗ ಹೂತುಬಿಡು ಎಂದು ಹೇಳಿ, ಕೈಕಾಲು ತೊಳೆದು ಪೂಜೆಗೆ ಕೂತರು.

ಅಕ್ಕ ಗುದ್ದಲಿ ತೆಗೆದುಕೊಂಡು ನುಗ್ಗೆಮರದ ಬುಡಕ್ಕೆ ಹೋದಳು. ಹೂಳುವುದಕ್ಕಲ್ಲ, ಅಗೆಯುವುದಕ್ಕೆ. ಹಳೆಯ ಚಿಪ್ಪಿನ ಚೂರುಗಳನ್ನು ಆರಿಸಿ, ಮಣ್ಣು ತೊಳೆದು, ಇವತ್ತಿನದನ್ನೂ ಸೇರಿಸಿ, ನೀರೊಲೆಯ ಕೆಂಡದ ಮೇಲೆ ಹಂಚು ಇಟ್ಟು ಹುರಿದಳು. ಆಮೇಲೆ ಒಳಗೆ ಹೋಗಿ, ಭಾವ ಎಲೆಯಡಿಕೆ ಕುಟ್ಟಿಕೊಳ್ಳುವ ಹಿತ್ತಾಳೆಯ ಕುಟ್ಟಾಣಿ ತಂದು, ಜಗಲಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತು, ಚಿಪ್ಪು ಕುಟ್ಟತೊಡಗಿದಳು.

ವಿಭೂತಿ ಧರಿಸಿ ಹೊರಬಂದ ಭಾವ ಕುಟ್ಟಾಣಿಗೆ ಕೈನೀಡಿ, ಅದರಲ್ಲೇನಿದೆ ಎಂದು ಕಂಡು, ಕೈ ಹಿಂದಕ್ಕೆ ಎಳೆದುಕೊಂಡರು.

"ಇದು ಬಾತಿಗಾಯ್ತು. ನೀವು ಪ್ಯಾಟೆಯಿಂದ ಬ್ಯಾರೆ ತಕ್ಕಬನ್ನಿ" ಅಂದಳು ಅಕ್ಕ, ಕುಟ್ಟುವುದನ್ನು ನಿಲ್ಲಿಸದೆ.

ಭಾವ ನನ್ನ ಮುಖ ನೋಡಿದರು. ನಾನು ಎದ್ದು ಹೋಗಿ ಗೂಡಿನ ಜಾಲರಿ ಬಾಗಿಲಿನ ಕೀಲು ಕಿತ್ತು, ಬಾಗಿಲನ್ನು ಗೋಡೆಗೆ ಒರಗಿಸಿ ಬಂದೆ. ಬಚ್ಚಲುಮನೆಯಿಂದ ಹೊರಬಂದ ಬಾತು ಇನ್ನೂ ಸ್ವಲ್ಪ ಕುಂಟುತ್ತಲೇ ಬಚ್ಚಲ ನೀರು ಹರಿಯುವ ಕಡೆಗೆ ಹೋಗಿ, ಕೆಸರಿನೊಳಗೆ ಕೊಕ್ಕು ಇಳಿಸಿತು. ಏನೋ ಸಿಕ್ಕಿತು. ಕತ್ತೆತ್ತಿ ನುಂಗಿತು.

"ಐನೋರು ಬಂದು ಇದೇನು ಅಂತ ಕೇಳುದ್ರೆ ಏನೇಳ್ಲಿ?" ಅಂದರು ಭಾವ.

"ಬಾತು ಅನ್ನಿ" ಅಂದಳು ಅಕ್ಕ.