ಟವೆಲ್ ಕೆಳಗಿನ ಪಾಠ

ಹಿರಿಯೂರಿನ ಕುರಿ ಸಂತೆಯಲ್ಲಿ ನಾವು ದಲ್ಲಾಳಿಗಳು ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಕೈಮೇಲೆ ಟವೆಲ್ ಹಾಕಿಕೊಂಡು, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ಒತ್ತುತ್ತೇವೆ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು, ಅಷ್ಟೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಈ ಬೆರಳುಗಳನ್ನು ನಂಬಿಕೊಂಡೇ ಚಿಕ್ಕಜಾಜೂರಿನಲ್ಲಿ ಮನೆ ಕಟ್ಟಿದೆ, ತಂಗಿಯನ್ನು ಎಂ.ಎ. ತನಕ ಓದಿಸಿದೆ. ಅವಳು ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರಾದಳು. ಮದುವೆ ಬೇಡವೆಂದು ನಮ್ಮ ಜೊತೆಗೇ ಉಳಿದಳು. ಸಂಜೆ ಪಡಸಾಲೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತಿದ್ದಳು.

ಐವತ್ತು ದಾಟಿದ ಮೇಲೆ ನನಗೂ ಇಂಗ್ಲಿಷಿನ ಚಟ ಹತ್ತಿತು. ಸಂತೆಗೆ ಬರುವ ದೊಡ್ಡ ಹೋಟೆಲಿನವರು ತಮ್ಮೊಳಗೆ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಾರೆ. ಅದು ತಿಳಿದರೆ ಅವರ ಮನಸ್ಸಿನ ರೇಟು ಮೊದಲೇ ಕೈಗೆ ಸಿಗುತ್ತದಲ್ಲ. ಮಕ್ಕಳ ಹಿಂದೆ ಕಂಬಕ್ಕೊರಗಿ ಕೂತೆ. ಎಲ್ಲ ತಲೆಗೆ ಹೋಯಿತು, ವ್ಯಾಕರಣದ ಭೂತಕಾಲ ಮಾತ್ರ ಹೋಗಲಿಲ್ಲ. ಆಗಿಹೋದದ್ದಕ್ಕೆ ಇಷ್ಟೊಂದು ಬಗೆ ಯಾಕೆ ಎಂದು ಚೌಕಾಸಿಗಿಳಿದೆ.

"ಎಲ್ಡಕ್ಕೆ ಮುಗಿಸಮ್ಮ" ಅಂದೆ.

"ಇದು ಕುರಿ ಅಲ್ಲಣ್ಣ, ಕಡಿಮೆ ಮಾಡಕ್ಕೆ ಬರಲ್ಲ" ಅಂದಳು. ಮಕ್ಕಳೆಲ್ಲ ನಕ್ಕರು.

ಅವತ್ತು ಅವಳೇ ಒಂದು ಉಪಾಯ ಹುಡುಕಿದಳು. ನನ್ನ ಹೆಗಲಿನ ಟವೆಲ್ ಎಳೆದು, ಅದರ ಕೆಳಗೆ ನನ್ನ ಬೆರಳು ಹಿಡಿದಳು. ಒಂದು ಬೆರಳು: ಮಾರಿದೆ, ನಿನ್ನೆಗೆ ಮುಗಿಯಿತು, ಸೋಲ್ಡ್. ಎರಡು: ಮಾರುತ್ತಿದ್ದೆ, ಅಷ್ಟರಲ್ಲಿ ಮಳೆ ಬಂತು, ವಾಸ್ ಸೆಲ್ಲಿಂಗ್. ಮೂರು: ಮಾರಿದ್ದೇನೆ, ನೋಡು, ರೊಪ್ಪದಲ್ಲಿ ಈಗ ಒಂದು ಕುರಿಯೂ ಇಲ್ಲ, ಹ್ಯಾವ್ ಸೋಲ್ಡ್. ನಾಲ್ಕು: ನೀನು ಬರುವ ಮೊದಲೇ ಮಾರಿದ್ದೆ, ಹ್ಯಾಡ್ ಸೋಲ್ಡ್. ಕೊನೆಗೆ ಐದೂ ಬೆರಳನ್ನು ಸೇರಿಸಿ ಹಿಡಿದು, ಮೂವತ್ತು ವರ್ಷದಿಂದ ಮಾರುತ್ತಲೇ ಇದ್ದೇನೆ, ಹ್ಯಾವ್ ಬೀನ್ ಸೆಲ್ಲಿಂಗ್ ಅಂದಳು. ಯಾವತ್ತೋ ಶುರುವಾದದ್ದು, ಇನ್ನೂ ನಿಂತಿಲ್ಲ. ಒಂದೇ ವಾರದಲ್ಲಿ ಎಲ್ಲ ಬಂತು. ನೀವು ಯಾರಿಗಾದರೂ ಏನಾದರೂ ಕಲಿಸುವುದಿದ್ದರೆ ಅವರ ಕಸುಬಿನ ಬಾಗಿಲಿನಿಂದಲೇ ಒಳಗೆ ಹೋಗಿ. ಬೇರೆ ದಾರಿ ಸುಮ್ಮನೆ ಸುತ್ತು.

ಆ ಯುಗಾದಿಯ ಹೊತ್ತಿಗೆ ಅವಳ ದನಿ ಒಡೆಯತೊಡಗಿತು. ಪಾಠದ ನಡುವೆ ಕೆಮ್ಮಿ, ನೀರು ಕುಡಿದು, ಮತ್ತೆ ಶುರುಮಾಡುತ್ತಿದ್ದಳು. ಚಾಕ್‌ಪೀಸಿನ ಧೂಳು ಅಂದೆವು. ಶ್ರಾವಣ ಬಂದರೂ ಕೆಮ್ಮು ಬಿಡಲಿಲ್ಲ. ಆಮೇಲೆ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ.

ಎಲ್ಲಿ ಹೋದರೂ ಅವಳ ಪರವಾಗಿ ಮಾತು ನನ್ನದೇ. ಕಾಲೇಜಿನ ಸೀಟಿರಲಿ, ಸೀರೆ ಅಂಗಡಿಯಿರಲಿ, ಅವಳು ಪಕ್ಕದಲ್ಲಿ ನಿಲ್ಲುವುದು, ನಾನು ಮಾತಾಡುವುದು. ಅಲ್ಲೂ ಹಾಗೇ ಆಯಿತು. ಎಳೆಯ ವಯಸ್ಸಿನ ಡಾಕ್ಟರು ಎಷ್ಟು ದಿನದಿಂದ ಹೀಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರಶ್ನೆ ನನಗೆ ಪೂರ್ತಿ ಅರ್ಥವಾಯಿತು. ಐದು ಬೆರಳಿನ ಪ್ರಶ್ನೆ ಅದು. ಅರ್ಥವಾಯಿತಲ್ಲ ಎಂಬ ಖುಷಿಗೆ ಬೆನ್ನು ನೆಟ್ಟಗಾಯಿತು.

ಆದರೆ ಬಾಯಿಗೆ ಬಂದದ್ದು ಸಂತೆಯ ಬುದ್ಧಿ. ಕುರಿಗೆ ತಿಂಗಳುಗಟ್ಟಲೆ ಕಾಯಿಲೆ ಎಂದು ಯಾವ ದಲ್ಲಾಳಿಯೂ ಮೊದಲ ಮಾತಿಗೇ ಒಪ್ಪಿಕೊಳ್ಳುವುದಿಲ್ಲ. ಜಾಸ್ತಿ ಹೇಳಿದರೆ ಜಾಸ್ತಿ ಹೆದರಿಸುತ್ತಾರೆ, ಕಡಿಮೆ ಹೇಳಿದರೆ ಕಾಯಿಲೆಯೂ ಕಡಿಮೆಯಾದೀತು ಅನ್ನಿಸಿತೋ ಏನೋ. "ತ್ರೀ ವೀಕ್ಸ್" ಅಂದುಬಿಟ್ಟೆ.

ಮಡಿಲಲ್ಲಿದ್ದ ನನ್ನ ಟವೆಲಿನ ಕೆಳಗೆ ಅವಳ ಕೈ ಬಂತು. ನನ್ನ ಐದೂ ಬೆರಳನ್ನು ಸೇರಿಸಿ ಗಟ್ಟಿಯಾಗಿ ಒತ್ತಿದಳು. ನಾನು ಅವಳ ಕೈಯನ್ನು ಮೆಲ್ಲಗೆ ಸರಿಸಿದೆ. ವ್ಯಾಪಾರದ ನಡುವೆ ಬಾಯಿ ಹಾಕುವವರನ್ನು ಸರಿಸುವ ಹಾಗೆ.

ಮೂರು ವಾರದ್ದಾದರೆ ಪಾಠ ಹೇಳುವವರಿಗೆ ಗಂಟಲು ಸೋಲುವುದುಂಟು ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಹದಿನೈದು ದಿನದಲ್ಲಿ ಕಡಿಮೆಯಾಗದಿದ್ದರೆ ತಪ್ಪದೆ ಬನ್ನಿ ಎಂದೂ ಹೇಳಿದರು. ಅಲ್ಲೂ ನಾನು ಚೌಕಾಸಿ ಬಿಡಲಿಲ್ಲ, ಇನ್ನೊಂದು ವಾರ ನೋಡೋಣ ಎಂದು ದೀಪಾವಳಿ ದಾಟಿಸಿದೆ. ಆಮೇಲೆ ಹೋದ ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿನ ಗಂಟು ತೋರಿಸಿದರು. ಬೇಗ ಬಂದಿದ್ದರೆ ದನಿಯನ್ನಾದರೂ ಉಳಿಸಬಹುದಿತ್ತು ಅಂದರು. ಆಪರೇಷನ್ನಿನಲ್ಲಿ ದನಿಪೆಟ್ಟಿಗೆ ತೆಗೆದರು.

ಮನೆಗೆ ಬಂದ ಮೇಲೆ ಅವಳು ಸ್ಲೇಟಿನಲ್ಲಿ ಬರೆದು ಮಾತಾಡುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿದೆ.

"ಅವತ್ತು ಡಾಕ್ಟರ ಮುಂದೆ ನೀನಾದ್ರೂ ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

ಅವಳು ಬರೆದದ್ದು ಒಂದೇ ಸಾಲು: "ನಿಂಗೆ ಹೇಳಿದ್ನಲ್ಲಣ್ಣ."

ಬರೆದು ಒರೆಸಿ, ಸ್ಲೇಟನ್ನು ಗೋಡೆಗೆ ಆನಿಸಿಟ್ಟಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅದನ್ನು ಹೇಗಾದರೂ ಮಾತಾಡಿ ಇಳಿಸಬಹುದಿತ್ತು.

ಮುಂದಿನ ವರ್ಷವೂ ಪಾಠ ನಡೆಯಿತು. ಅವಳು ಬೋರ್ಡಿನಲ್ಲಿ ಬರೆಯುವುದು, ನಾನು ಗಟ್ಟಿಯಾಗಿ ಓದುವುದು. ತಪ್ಪಿದರೆ ಡಸ್ಟರಿನಿಂದ ಬೋರ್ಡಿಗೆ ಕುಟ್ಟುತ್ತಿದ್ದಳು. ಮಕ್ಕಳು ನಗುತ್ತಿದ್ದರು, ಅವಳೂ ಸದ್ದಿಲ್ಲದೆ ನಗುತ್ತಿದ್ದಳು. ಮಕ್ಕಳ ಪರೀಕ್ಷೆ ಮುಗಿದ ತಿಂಗಳಲ್ಲೇ ತೀರಿಕೊಂಡಳು.

ಕೇಳದಿದ್ದರೂ ಸಲಹೆ ಕೊಡುವವನು ನಾನು. ಡಾಕ್ಟರು ಎಂದಿನಿಂದ ಎಂದು ಕೇಳಿದರೆ ಒಂದು ದಿನವನ್ನೂ ಕಡಿಮೆ ಹೇಳಬೇಡಿ. ರೋಗಿಗೆ ಬಾಯಿದ್ದರೆ ನೀವು ಬಾಯಿ ಮುಚ್ಚಿಕೊಂಡಿರಿ.

ಈಗಲೂ ಸಂತೆಗೆ ಹೋಗುತ್ತೇನೆ. ಟವೆಲಿನ ಕೆಳಗೆ ಯಾರಾದರೂ ಐದೂ ಬೆರಳು ಸೇರಿಸಿ ಹಿಡಿದರೆ ಮಾತ್ರ ರೇಟು ಮರೆತುಹೋಗುತ್ತದೆ. ಮುದುಕನಿಗೆ ಲೆಕ್ಕ ತಪ್ಪಿತು ಎಂದುಕೊಂಡು ಅವರು ಬೇರೆಯವರ ಹತ್ತಿರ ಹೋಗುತ್ತಾರೆ. ನಾನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತೇನೆ.